ಶೀತದ ಮಾತ್ರೆ

ಅರುವತ್ತನ್ನು ಸಮೀಪಿಸಿದ ಗೃಹಸ್ಥನು ತನ್ನ ಮೊಣಕಾಲುನೋವನ್ನು ಜಗಲಿಯಲ್ಲಿ ಕುಳಿತು ಹತ್ತು ಮಂದಿಗೆ ಹೇಳುವನು. ಇರುಳಲ್ಲಿ ನಾಲ್ಕು ಬಾರಿ ಎದ್ದು ಬಚ್ಚಲಿಗೆ ಹೋಗುವ ಸಂಗತಿಯನ್ನು ಮಾತ್ರ ಕೈಹಿಡಿದವಳಿಗೂ ಹೇಳನು. ನಾವೂ ಎರಡು ವರ್ಷ ಹೀಗೆಯೇ ಮುಚ್ಚಿಟ್ಟೆವು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತದ ಹನ್ನೆರಡು ಬಗೆಗಳನ್ನು ಓದಿದ್ದೆವು. ಅವುಗಳಲ್ಲಿ ಅಷ್ಠೀಲೆಯೆಂಬುದೊಂದು; ಕಲ್ಲಿನಂತಹ ಗಂಟೊಂದು ಮೂತ್ರದ ದಾರಿಯನ್ನು ತಡೆಯುವುದೆಂದು ಅದರ ಲಕ್ಷಣ. ಓದಿದ್ದು ನಮ್ಮ ದೇಹದಲ್ಲಿಯೇ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಕಳೆದ ಶ್ರಾವಣದಲ್ಲಿ ನೆಗಡಿಯಾಯಿತು. ವರಮಹಾಲಕ್ಷ್ಮೀ ವ್ರತದ ಹೂವುಹಣ್ಣಿಗೆಂದು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೊರಟವರು, ದಾರಿಯಲ್ಲಿ ಔಷಧದ ಅಂಗಡಿಯೊಂದರಿಂದ ಶೀತದ ಮಾತ್ರೆಗಳನ್ನು ನಾವಾಗಿಯೇ ಕೇಳಿ ಕೊಂಡೆವು. ಒಂದನ್ನು ಅಲ್ಲಿಯೇ ನುಂಗಿದೆವು, ಮಧ್ಯಾಹ್ನ ಇನ್ನೊಂದನ್ನು. ಸಂಜೆಯ ವೇಳೆಗೆ ಮೂಗು ಬತ್ತಿತು, ಮೂತ್ರವೂ ನಿಂತಿತು. ರಾತ್ರಿ ಹನ್ನೊಂದರ ಹೊತ್ತಿಗೆ ಕಿಬ್ಬೊಟ್ಟೆಯು ಮದ್ದಳೆಯಂತೆ ಬಿಗಿದು, ಕುಳಿತರೆ ನಿಲ್ಲುವ, ನಿಂತರೆ ಕೂರುವ ಅವಸ್ಥೆ. ಮಗನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದನು. ರಬ್ಬರಿನ ನಳಿಕೆಯನ್ನು ಹಾಕಿದಾಗ ಆದ ನೆಮ್ಮದಿಯನ್ನು ಬರೆಯಲು ನಮ್ಮ ಸಂಸ್ಕೃತವೂ ಸಾಲದು.

“ಮೇಷ್ಟ್ರೇ, ಈ ತೊಂದರೆ ಎಷ್ಟು ದಿನದಿಂದ ಇದೆ?” ಎಂದರು ವೈದ್ಯರು.

“ಎರಡು ವರ್ಷದಿಂದ.”

“ಎರಡು ವರ್ಷವೆ?” ಎಂದು ಕೇಳಿದವರು ವೈದ್ಯರಲ್ಲ, ಬಾಗಿಲ ಬಳಿ ನಿಂತಿದ್ದ ನಮ್ಮ ಮನೆಯವರು. ಆ ನೋಟವು ನಳಿಕೆಗಿಂತ ಹೆಚ್ಚಾಗಿ ಚುಚ್ಚಿತು.

ಮೂತ್ರಕೋಶದ ಕೆಳಗೆ ಅಕ್ರೋಟಿನ ಗಾತ್ರದ ಪೌರುಷಗ್ರಂಥಿಯೊಂದುಂಟು. ಮೂತ್ರನಾಳವು ಅದರ ನಡುವೆಯೇ ಹಾದುಹೋಗುವುದು. ವಯಸ್ಸಿನೊಡನೆ ಗ್ರಂಥಿಯು ಬೆಳೆದು ನಾಳವನ್ನು ಅಮುಕುವುದು. ಶೀತದ ಮಾತ್ರೆಗಳಲ್ಲಿ ಮೂಗುಕಟ್ಟನ್ನು ಬಿಡಿಸುವ ಫಿನೈಲೆಫ್ರಿನ್ ಮುಂತಾದ ದ್ರವ್ಯವು ಆ ಭಾಗದ ಸ್ನಾಯುಗಳನ್ನು ಇನ್ನೂ ಬಿಗಿಯುವುದು. ಸೀನನ್ನು ತಡೆಯುವ ಕ್ಲೋರ್‌ಫೆನಿರಮಿನ್ ಮೂತ್ರಕೋಶದ ಒತ್ತುವ ಬಲವನ್ನು ಕುಗ್ಗಿಸುವುದು. ಮೊದಲೇ ಕಿರಿದಾದ ಬಾಗಿಲಿಗೆ ನಾವೇ ಅಗಳಿ ಹಾಕಿದ್ದೆವು.

ನಮಗೆ ಕೊಟ್ಟ ಮದ್ದುಗಳು ಎರಡು. ಟ್ಯಾಮ್ಸುಲೋಸಿನ್ ಎಂಬುದು ಆ ಸ್ನಾಯುಗಳನ್ನು ಸಡಿಲಿಸುವುದು. ಕೆಲವು ದಿನಗಳಲ್ಲಿಯೇ ಗುಣ ತೋರುವುದು, ಗ್ರಂಥಿಯನ್ನು ಮಾತ್ರ ಕಿರಿದಾಗಿಸದು. ಅದನ್ನು ಕೊಟ್ಟು ಮೂರನೆಯ ದಿನ ನಳಿಕೆಯನ್ನು ತೆಗೆದರು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುವುದು. ಅದಕ್ಕೆ ಆರು ತಿಂಗಳಾದರೂ ತಾಳ್ಮೆ ಬೇಕು. ಅದು ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸುವುದರಿಂದ, ಅರ್ಬುದದ ಪರೀಕ್ಷೆ ಮಾಡುವವರಿಗೆ ಮೊದಲೇ ತಿಳಿಸತಕ್ಕದ್ದು. ಮನೆಯಲ್ಲಿ ಗರ್ಭಿಣಿಯರಿದ್ದರೆ ಒಡೆದ ಮಾತ್ರೆಯನ್ನು ಅವರು ಮುಟ್ಟಕೂಡದು, ಗಂಡುಶಿಶುವಿಗೆ ಕೇಡು. ಕೆಲವರಲ್ಲಿ ದಾಂಪತ್ಯದ ಉತ್ಸಾಹವೂ ಇಳಿಯುವುದಂತೆ. ಈ ವಿಷಯದಲ್ಲಿ ಮಾತ್ರ ನಮ್ಮ ಸಂಕೋಚವು ಇನ್ನೂ ಉಳಿದಿದೆ.

ತಿಂಗಳ ಬಳಿಕ ಪುನಃ ಮಾರುಕಟ್ಟೆಗೆ ಹೋದೆವು. 1927ರಲ್ಲಿ ಕಟ್ಟಿದ ಆ ಕಟ್ಟಡದ ಹಣ್ಣಿನ ಸಾಲಿನಲ್ಲಿ ಬಗ್ಗಿ ಮೂಸಂಬಿಗಳನ್ನು ಆರಿಸಿ ಎದ್ದೊಡನೆ ಕಣ್ಣು ಕತ್ತಲಿಟ್ಟಿತು. ಅಂಗಡಿಯ ಸಾಹೇಬರು ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ಮದ್ದಿನ ಹೆಸರನ್ನು ಹೇಳಿದೆವು.

“ನಂಗೂ ಅದೇ ಗುಳಿಗೆ, ಮೇಷ್ಟ್ರೇ! ಏಳೋವಾಗ ನಿಧಾನ ಏಳ್ಬೇಕು. ರಾತ್ರಿ ಊಟ ಆದ್ಮೇಲೆ ತಗೊಳ್ಳಿ” ಎಂದರು. ಇಪ್ಪತ್ತು ವರ್ಷಗಳಿಂದ ಹಣ್ಣಿನ ಬೆಲೆಯನ್ನು ಬಿಟ್ಟು ಬೇರೇನನ್ನೂ ಆಡದ ನಾವಿಬ್ಬರೂ ಅಂದು ಅರ್ಧ ಗಂಟೆ ಇರುಳಿನ ಲೆಕ್ಕವನ್ನು ಒಪ್ಪಿಸಿಕೊಂಡೆವು.

ಮಾತಿನ ನಡುವೆ, ಮುಂದಿನ ವಾರ ಕಣ್ಣಿನ ಪೊರೆ ತೆಗೆಸುವುದಾಗಿ ಸಾಹೇಬರು ಹೇಳಿದರು. ಈ ಮದ್ದು ಕಣ್ಣಿನ ಪಾಪೆಯ ಸುತ್ತಣ ಪಟಲವನ್ನೂ ಸಡಿಲಿಸಿ ಶಸ್ತ್ರಕ್ರಿಯೆಗೆ ತೊಡಕು ಮಾಡುವುದೆಂದು ನೇತ್ರವೈದ್ಯರು 2005ರಲ್ಲಿ ಪ್ರಕಟಿಸಿದ್ದರು. ಹಿಂದಿನ ದಿನ ನಿಲ್ಲಿಸಿದರೂ ಸಾಲದು, ಮೊದಲೇ ತಿಳಿಸಿದರೆ ಅವರು ಸಿದ್ಧರಾಗಿರುವರು.

“ಕಣ್ಣಿನ ಡಾಕ್ಟರಿಗೆ ಹೇಳಿದಿರಾ, ಸಾಹೇಬರೆ?”

“ಕಣ್ಣಿಗೂ ಇದಕ್ಕೂ ಏನು ಸಂಬಂಧ?”

ಕಾಗದದ ಚೀಲವೊಂದನ್ನು ಹರಿದು, ಮದ್ದಿನ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟೆವು. ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ನಮ್ಮ ಚೀಲಕ್ಕೆ ಇನ್ನೆರಡು ಮೂಸಂಬಿಗಳನ್ನು ಹಾಕಿದರು.