ಟೈಲ್ಸ್ ಹಾಕುವ ಮುಂಚೆ ಬೆಳಗೊಳಕ್ಕೆ ಹೋಗಿದ್ದೆವು

ಬಿಡದಿ ಹತ್ತಿರದ ನಮ್ಮೂರಲ್ಲಿ ಒಂದು ಪುಟ್ಟ ಮಠವಿದೆ. ಈಗ ಸ್ವಾಮಿಗಳು ಯಾರೂ ಇಲ್ಲ, ಒಂದು ಗದ್ದುಗೆ ಅಷ್ಟೆ. ಎಡಗಡೆಯ ಸುಣ್ಣದ ಗೋಡೆ ಮೇಲೆ ಒಬ್ಬ ಸನ್ಯಾಸಿಯ ಚಿತ್ರ, ಅವರೆದುರು ಕೂತ ಇಬ್ಬರು ಶಿಷ್ಯರು. ಹೆಸರು ಬರೆದಿಲ್ಲ. ಊರವರೆಲ್ಲ ‘ಅಜ್ಜಯ್ಯ’ ಅಂತಾರೆ. ಸೂರು ಸೋರಿ ಅಜ್ಜಯ್ಯನ ಒಂದು ಕೈ ಉದುರಿಹೋಗಿದೆ.

ಹೋದ ತಿಂಗಳು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜ್ ಬಂತು: ‘ಗೋಡೆಗೆಲ್ಲ ಟೈಲ್ಸ್ ಹಾಕಿಸೋಣ. ಅಜ್ಜಯ್ಯನ ಫೋಟೊ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸೋಣ.’ ಕಂಪನಿ ಬಸ್ಸಿನಲ್ಲಿ ಕೂತಿದ್ದ ನಾನು ಥಂಬ್ಸ್ ಅಪ್ ಒತ್ತಿ, ಎರಡು ಸಾವಿರ ರೂಪಾಯಿ ಕಳಿಸಿ ಮರೆತುಬಿಟ್ಟೆ.

ಆಮೇಲೊಂದು ಭಾನುವಾರ ಅಮ್ಮನನ್ನು ಶ್ರವಣಬೆಳಗೊಳಕ್ಕೆ ಕರಕೊಂಡು ಹೋದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮಾಗಡಿ, ಕುಣಿಗಲ್, ಯಡಿಯೂರು, ಹಿರೀಸಾವೆ ದಾರಿ ಹಿಡಿದೆವು. ವಿಂಧ್ಯಗಿರಿಯ ಬುಡಕ್ಕೆ ಬಂದ ಅಮ್ಮ ಮೆಟ್ಟಿಲು ನೋಡಿ, ‘ನನ್ನ ಮಂಡಿ ಕೈಲಾಗಲ್ಲ ಕಣ್ಲಾ, ಇಲ್ಲಿಂದಲೇ ಕೈ ಮುಗೀತೀನಿ’ ಅಂದರು. ಚಾವುಂಡರಾಯ 10ನೇ ಶತಮಾನದಲ್ಲಿ ಮಾಡಿಸಿದ 58 ಅಡಿಯ ಗೊಮ್ಮಟ ಮೇಲೆಯೇ ಉಳಿದ. ನಾವು ಕೆಳಗೆ ಊರೊಳಗಿನ ಜೈನ ಮಠಕ್ಕೆ ಹೋದೆವು. ಬೆಟ್ಟ ಇಳಿದು ನೇರ ಕಾರು ಹತ್ತುವವರು ತಪ್ಪಿಸಿಕೊಳ್ಳುವ ಜಾಗ ಅದು.

ಒಳಗೆ ತೆರೆದ ಅಂಗಳ, ಸುತ್ತ ಗೋಡೆಗಳ ತುಂಬ ಬಣ್ಣದ ಚಿತ್ರಗಳು. ಒಂದು ಕಡೆ ಪಾರ್ಶ್ವನಾಥರ ಬದುಕು, ಇನ್ನೊಂದು ಕಡೆ ರಾಜಕುಮಾರ ನಾಗಕುಮಾರನ ಕಥೆ. ನಡುವಿನ ಗರ್ಭಗುಡಿಯ ಬಲಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು. ಅವರು ಪಟ್ಟಕ್ಕೆ ಬಂದದ್ದು 1799ರಲ್ಲಿ. ಹಾಗಾಗಿ ಆ ಚಿತ್ರ ಅದಕ್ಕಿಂತ ಹಳೆಯದಿರಲಾರದು.

ಎಡಗಡೆಯ ಚಿತ್ರದ ಮುಂದೆ ಅಮ್ಮ ನಿಂತರು. ಮೇಲಿನ ಸಾಲಿನಲ್ಲಿ ಪಂಚಪರಮೇಷ್ಠಿಗಳು: ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು. ನಡುವೆ ಯಕ್ಷ–ಯಕ್ಷಿಯರ ಜೊತೆ ನೇಮಿನಾಥರು. ಎಲ್ಲಕ್ಕಿಂತ ಕೆಳಗೆ ಈ ಮಠದ ಸ್ವಾಮಿಗಳು, ಶಿಷ್ಯರಿಗೆ ಧರ್ಮ ಹೇಳುತ್ತಾ ಕೂತಿದ್ದಾರೆ.

‘ಸ್ವಾಮಿಗಳು ಕೆಳಗವ್ರೆ ನೋಡ್ಲಾ. ನಮ್ಮ ಅಜ್ಜಯ್ಯನೂ ಹಿಂಗೇ ಅಲ್ವಾ?’ ಅಂದರು ಅಮ್ಮ.

ಹೌದಲ್ಲ! ಮಠ ಅವರದೇ, ಗೋಡೆಯೂ ಅವರದೇ. ಆದರೂ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಕೊನೆಯ ಸಾಲು. ಈ ಪೀಠಕ್ಕೆ ಬರುವ ಭಟ್ಟಾರಕರೆಲ್ಲರಿಗೂ ಹೆಸರು ಒಂದೇ, ಚಾರುಕೀರ್ತಿ. ಮುಖ ಬದಲಾಗುತ್ತದೆ, ಹೆಸರು ಮತ್ತು ಪಾಠ ಮುಂದುವರಿಯುತ್ತದೆ. ನಮ್ಮ ಅಜ್ಜಯ್ಯನಿಗೆ ಹೆಸರು ಬರೆಯದೇ ಇದ್ದದ್ದು ಚಿತ್ರ ಬರೆದವನ ಮರೆವು ಅಂದುಕೊಂಡಿದ್ದೆ. ಅಲ್ಲಿ ನಿಂತಾಗ ಹಾಗನ್ನಿಸಲಿಲ್ಲ. ದೊಡ್ಡ ಪ್ರಿಂಟ್ ಹಾಕಿಸಿದ್ದರೆ ಅಜ್ಜಯ್ಯ ಒಬ್ಬರೇ ಉಳಿದು, ಎದುರಿಗಿದ್ದ ಇಬ್ಬರು ಶಿಷ್ಯರು ಫ್ರೇಮಿನಾಚೆ ಹೋಗುತ್ತಿದ್ದರು.

ಅಲ್ಲೇ ಒಂದು ಕಾಡಿನ ಚಿತ್ರವಿದೆ. ಒಂದು ಮರ, ಆರು ಜನ. ಇದು ಜೈನರ ಆರು ಲೇಶ್ಯೆಗಳ, ಅಂದರೆ ಮನಸ್ಸಿನ ಬಣ್ಣಗಳ ಕಥೆ. ಹಸಿದವರಿಗೆ ಬೇಕಿರುವುದು ಹಣ್ಣು. ಒಬ್ಬ ಬುಡವನ್ನೇ ಕಡಿಯೋಣ ಅಂತಾನೆ. ಇನ್ನೊಬ್ಬನಿಗೆ ದೊಡ್ಡ ಕೊಂಬೆ ಸಾಕು, ಮತ್ತೊಬ್ಬನಿಗೆ ಚಿಕ್ಕ ರೆಂಬೆ, ನಾಲ್ಕನೆಯವನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಮಾತ್ರ. ಕೊನೆಯವನು ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಾನೆ. ಸೂರು ಸೋರಿದ್ದಕ್ಕೆ ಗೋಡೆಯನ್ನೇ ಮುಚ್ಚಲು ಹೊರಟ ನಾನು ಮೊದಲನೆಯವನ ಪಕ್ಕದಲ್ಲಿದ್ದೆ!

ವಾಪಸ್ ಬಂದ ರಾತ್ರಿ ಗುಂಪಿನಲ್ಲಿ ಬರೆದೆ: ‘ಸುಣ್ಣದ ಗೋಡೆ ಉಸಿರಾಡಬೇಕು. ಸಿಮೆಂಟು, ಟೈಲ್ಸ್ ಹಾಕಿದರೆ ತೇವ ಒಳಗೇ ನಿಲ್ಲುತ್ತೆ. ಮೊದಲು ಸೂರು ಸರಿ ಮಾಡಿಸೋಣ. ಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಯಾರೂ ಒರೆಸಬೇಡಿ. ದೀಪ, ಕರ್ಪೂರ ಸ್ವಲ್ಪ ದೂರ ಇಡೋಣ. ತಿಳಿದವರನ್ನು ಕರೆಸಿ ತೋರಿಸೋವರೆಗೂ ಆ ಉದುರಿದ ಕೈಗೆ ಯಾರೂ ಬಣ್ಣ ಬಳಿಯೋದು ಬೇಡ.’

ತುಂಬಾ ಹೊತ್ತು ಉತ್ತರವಿಲ್ಲ. ಆಮೇಲೆ ಒಬ್ಬರು, ‘ಟೈಲ್ಸಿಗೆ ಅಡ್ವಾನ್ಸ್ ಕೊಟ್ಟಾಗಿದೆ, ನೀನೇ ಮೊದಲು ಹೂಂ ಅಂದವನು’ ಅಂತ ಬರೆದರು. ನಿಜವೇ. ಅಡ್ವಾನ್ಸ್ ವಾಪಸ್ ಬರದಿದ್ದರೆ ನನ್ನ ಲೆಕ್ಕಕ್ಕೆ ಹಾಕಿ ಅಂದೆ.

ಈ ಭಾನುವಾರ ಮಠದಲ್ಲೇ ಸಭೆ. ಅಮ್ಮನೂ ಬರ್ತಾರಂತೆ. ಎಡಗೋಡೆ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂರ್ತೀನಿ, ಯಾರು ಟೈಲ್ಸ್ ಅಂಟಿಸ್ತಾರೋ ನೋಡೋಣ ಅಂದಿದ್ದಾರೆ.