ಹೆಸರು ಡೌರೋದ್ದು, ದ್ರಾಕ್ಷಿ ನಮ್ಮದು

ಮುಂಬಯಿಯಲ್ಲಿ ಪೋರ್ಟ್ ವೈನಿನದು ವಿಚಿತ್ರ ಸ್ಥಾನ. ಬಾರಿನಲ್ಲಿ ವಿಸ್ಕಿ, ರಮ್ಮುಗಳ ಪಕ್ಕ ಅದಕ್ಕೆ ಹೇಳಿಕೊಳ್ಳುವ ಗೌರವವಿಲ್ಲ. ಆದರೆ ಕುಡಿತವೆಂದರೆ ಮುಖ ಸಿಂಡರಿಸುವ ಎಷ್ಟೋ ಮನೆಗಳ ಕಪಾಟಿನಲ್ಲೂ ಒಂದು ಬಾಟಲಿ ಇರುತ್ತದೆ. ರಕ್ತಕ್ಕೆ ಒಳ್ಳೆಯದು ಎಂಬ ಹಳೆಯ ನಂಬಿಕೆ ಒಂದು ಕಡೆ, ಬಾಂದ್ರಾ, ವಸಾಯಿಗಳ ಕ್ರಿಸ್‌ಮಸ್ ಕೇಕಿನ ಜೊತೆಗಿನ ಒಂದು ಗುಟುಕು ಇನ್ನೊಂದು ಕಡೆ. ಸಿಹಿಯಾದ್ದರಿಂದ ಅದನ್ನು ಮದ್ಯವೆಂದು ಲೆಕ್ಕಕ್ಕೆ ಹಿಡಿಯದವರೂ ಇದ್ದಾರೆ. ಕಾನೂನು ಮಾತ್ರ ಹಿಡಿಯುತ್ತದೆ. 1949ರ ಪಾನನಿಷೇಧ ಕಾಯ್ದೆಯ ನೆನಪಾಗಿ ಈ ಊರಿನ ಬಾರುಗಳ ಹಣೆಯ ಮೇಲೆ ಇನ್ನೂ ‘ಪರ್ಮಿಟ್ ರೂಮ್’ ಎಂಬ ಫಲಕ ಉಳಿದಿದೆ. ಅಂಥ ಹಲವು ಬಾರುಗಳ ಗಲ್ಲಾದ ಹಿಂದೆ ಉಡುಪಿ, ಮಂಗಳೂರು ಕಡೆಯ ಶೆಟ್ಟರು ಕೂತಿರುತ್ತಾರೆ.

ಅಸಲು ಪೋರ್ಟ್ ಹುಟ್ಟುವುದು ಪೋರ್ಚುಗಲ್ಲಿನ ಡೌರೋ ನದಿಯ ಕಣಿವೆಯಲ್ಲಿ. ಪದರುಗಲ್ಲಿನ ಕಡಿದಾದ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅಲ್ಲಿ ಬಳ್ಳಿ ಬೆಳೆಸುತ್ತಾರೆ. ದ್ರಾಕ್ಷಿಯ ರಸ ಹುದುಗೇಳುತ್ತಿರುವಾಗಲೇ, ಸಕ್ಕರೆ ಇನ್ನೂ ಅರ್ಧದಷ್ಟು ಉಳಿದಿರುವಾಗ, ಶೇ. 77ರಷ್ಟು ತೀಕ್ಷ್ಣವಾದ ದ್ರಾಕ್ಷಿ ಮದ್ಯವನ್ನು ಸುರಿಯುತ್ತಾರೆ. ಹುದುಗು ಸಾಯುತ್ತದೆ, ಸಿಹಿ ಉಳಿಯುತ್ತದೆ, ಅಮಲು ಶೇ. 20ರ ಆಸುಪಾಸಿಗೆ ಏರುತ್ತದೆ. ಆಮೇಲೆ ನದಿ ಸಮುದ್ರ ಸೇರುವ ಕಡೆಯ ಉಗ್ರಾಣಗಳಲ್ಲಿ ಪೀಪಾಯಿಗಳೊಳಗೆ ವರ್ಷಗಟ್ಟಲೆ ಮಾಗುತ್ತದೆ.

ಈ ವೈನನ್ನೂ ಮುಂಬಯಿಯನ್ನೂ ಬೆಳೆಸಿದ್ದು ಒಂದೇ ಬೀಗತನ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನಿಗೂ ಮದುವೆ ಗೊತ್ತಾದಾಗ ಮುಂಬಯಿ ವರದಕ್ಷಿಣೆಯಾಯಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ವಸಾಯಿ, ಸಾಷ್ಟಿಗಳು ಪೋರ್ಚುಗೀಸರ ಕೈಯಲ್ಲೇ ಉಳಿದು 1739ರ ಹೊತ್ತಿಗೆ ಮರಾಠರ ಪಾಲಾದವು. ಇತ್ತ ಫ್ರಾನ್ಸಿನೊಡನೆ ಜಗಳವಾಡಿಕೊಂಡಿದ್ದ ಇಂಗ್ಲಿಷರು 1703ರ ಒಪ್ಪಂದದಲ್ಲಿ ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ ಹಾಕಿದರು. ಹಡಗಿನಲ್ಲಿ ಕೆಡದಿರಲೆಂದು ವೈನಿಗೆ ಬ್ರಾಂದಿ ಬೆರೆಸುವ ರೂಢಿ ಬೆಳೆಯಿತು. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. 1756ರಲ್ಲಿ ಮಂತ್ರಿ ಪೊಂಬಾಲ್ ಡೌರೋಕ್ಕೆ ಗಡಿ ಗೊತ್ತುಮಾಡಿ, ಇದರೊಳಗೆ ಬೆಳೆದದ್ದೇ ಪೋರ್ಟ್ ಎಂದು ಗೆರೆ ಎಳೆದ.

ಮುಂಬಯಿಯ ಅಂಗಡಿಯ ಅಗ್ಗದ ಬಾಟಲಿ ಆ ಗೆರೆಯ ಹೊರಗಿನದು. ಗೋವಾ, ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ತಯಾರಾಗುವ ಇಂಥ ಸಿಹಿ ವೈನಿಗೆ ಬಹುಕಾಲದಿಂದ ಒದಗಿಬಂದ ಹಣ್ಣು ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಕಡುನೀಲಿ ಬಣ್ಣ, ದೂರಕ್ಕೇ ಮೂಗಿಗೆ ಬಡಿಯುವ ಘಮ. ಮೂಲ ಅಮೆರಿಕದ್ದಾದರೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೆಂಪುಮಣ್ಣಿಗೆ ಒಗ್ಗಿ, ವರ್ಷಕ್ಕೆ ಎರಡು ಬೆಳೆ ಕೊಡುವಷ್ಟು ನಮ್ಮದಾದ ಬಳ್ಳಿ ಅದು. ಬಾಟಲಿಯ ಮೇಲೆ ದೊಡ್ಡದಾಗಿ ಕಾಣುವುದು ಮಾತ್ರ ಏಳು ಸಮುದ್ರದಾಚೆಯ ಬಂದರಿನ ಹೆಸರು.

ಇದರಲ್ಲಿ ಮೋಸಕ್ಕಿಂತ ಸಂಕೋಚವೇ ಹೆಚ್ಚು. ಡೌರೋದ ರೈತನನ್ನು ಕಾಯುವುದು ಅವನ ಊರಿನ ಹೆಸರು. ಆ ಹೆಸರಿಗೆ ಬೆಲೆ ಇರುವುದರಿಂದಲೇ ಯಂತ್ರ ಏರಲಾರದ ಗುಡ್ಡದ ಮೇಲೂ ಕೃಷಿ ಉಳಿದಿದೆ. ಬೆಂಗಳೂರು ಬ್ಲೂಗೂ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಕುಡಿಯುವವನಿಗೆ ಆ ಹೆಸರು ಗೊತ್ತಾಗದಿದ್ದರೆ ಮಾನ್ಯತೆ ಕಾಗದದ ಮೇಲಷ್ಟೇ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿ ನೆಲದ ಬೆಲೆಯ ಎದುರು ಹಣ್ಣಿನ ಬೆಲೆ ಸೋಲುತ್ತಿದೆ. ಚಪ್ಪರ ಇಳಿಸಿ ಸೈಟು ಮಾಡಿದ ಜಮೀನಿನಲ್ಲಿ ಮತ್ತೆ ಬಳ್ಳಿ ಹಬ್ಬುವುದಿಲ್ಲ.

ಒಳ್ಳೆಯ ವೈನೋ ಅಲ್ಲವೋ ಎಂಬ ವಾದ ಬೇರೆ. ಡೌರೋದ ವೈನೂ ಮೊದಲು ಹಡಗಿನಲ್ಲಿ ಕೆಡದೆ ಇದ್ದರೆ ಸಾಕೆಂಬಂಥ ಸರಕೇ ಆಗಿತ್ತು. ತನ್ನ ಊರಿನ ಹೆಸರನ್ನು ಮೈಮೇಲೆ ಹೊತ್ತ ಮೇಲೆ ಆ ಹೆಸರಿಗೆ ತಕ್ಕಂತೆ ಬಾಳಬೇಕಾಯಿತು. ನಮ್ಮ ನೀಲಿ ದ್ರಾಕ್ಷಿಗೆ ಅಂಥ ಹೊಣೆಯನ್ನು ಯಾರೂ ಹೊರಿಸಿಲ್ಲ, ಅಂಥ ಅವಕಾಶವನ್ನೂ ಕೊಟ್ಟಿಲ್ಲ.