ಮೈ ಒದ್ದೆಯಾಗದ ಮುಳುಗುಗಾರರು

ರನ್ನನ ದುರ್ಯೋಧನ ಕೊಳದ ನೀರೊಳಗೆ ಕೂತಿದ್ದೂ ಬೆವರಿದ. ಆರ್‌ಓವಿ, ಅಂದರೆ ದೂರದಿಂದಲೇ ನಡೆಸುವ ಮುಳುಗುಯಂತ್ರ; ಅದರ ಪೈಲಟ್ಟಿನ ಪಾಡು ದುರ್ಯೋಧನನದರ ತಿರುಗಾಮುರುಗಾ. ಹಡಗಿನ ಡೆಕ್ಕಿನ ಮೇಲಿನ ಕಂಟೇನರಿನಲ್ಲಿ, ಹಲ್ಲು ಕಟಕಟಿಸುವ ಎ.ಸಿ.ಯಲ್ಲಿ, ಪರದೆಗಳ ಮುಂದೆ ಕೂತು ಬೆವರುತ್ತಾನೆ. ಸಾವಿರ ಮೀಟರ್ ಕೆಳಗೆ ಮೂರ್ನಾಲ್ಕು ಟನ್ನಿನ ಅವನ ಯಂತ್ರ ಕೇಬಲ್ಲಿನ ತುದಿಯಲ್ಲಿ ಓಡಾಡುತ್ತಿರುತ್ತದೆ. ವಿದ್ಯುತ್ತು ಇಳಿಯುವುದೂ ಚಿತ್ರ ಏರುವುದೂ ಆ ಕೇಬಲ್ಲಿನಲ್ಲೇ. ಕಟ್ಟಿಹಾಕಿದ ಹಸು ಗೂಟ ಸುತ್ತಿ ಸುತ್ತಿ ಕೊನೆಗೆ ಮೂತಿ ಅಲ್ಲಾಡಿಸಲಾಗದೆ ನಿಲ್ಲುತ್ತದಲ್ಲ, ತೈಲಬಾವಿಯ ಕಬ್ಬಿಣದ ಕಾಲುಗಳ ನಡುವೆ ಇದಕ್ಕೂ ಅದೇ ಗತಿ ಬರಬಹುದು. ಅದಕ್ಕೇ ಎಡಕ್ಕೆ ಎಷ್ಟು ಸುತ್ತು ತಿರುಗಿದೆ, ಬಲಕ್ಕೆ ಎಷ್ಟು ಎಂದು ಲೆಕ್ಕವಿಟ್ಟು ಬಿಚ್ಚುತ್ತಿರಬೇಕು. ತಳದ ಕೆಸರು ಒಮ್ಮೆ ಎದ್ದಿತೋ, ಕ್ಯಾಮೆರಾ ಕುರುಡು. ಆಮೇಲೆ ಶಬ್ದದ ಪ್ರತಿಧ್ವನಿಯಿಂದ ದಾರಿ ತೋರುವ ಸೋನಾರೇ ಗತಿ.

ಮೊಬೈಲ್ ಗೇಮಿನಲ್ಲಿ ಪಳಗಿದ ಹುಡುಗರು ಜಾಯ್‌ಸ್ಟಿಕ್ ಕಂಡ ಕೂಡಲೇ ಇದು ನಮಗೇ ಹೇಳಿಮಾಡಿಸಿದ ಕೆಲಸ ಅಂದುಕೊಳ್ಳುತ್ತಾರೆ. ಅಪ್ಪಂದಿರೂ, ಪರವಾಗಿಲ್ಲ, ದಂಡವಾದ ಡೇಟಾ ಉಪಯೋಗಕ್ಕೆ ಬಂತು ಎಂದು ಸಮಾಧಾನಪಡುತ್ತಾರೆ. ಆದರೆ ಹೊಸಬನ ಕೈಗೆ ಮೊದಲು ಸಿಗುವುದು ಸ್ಪ್ಯಾನರು. ಮೇಲೆ ಬಂದ ಯಂತ್ರದ ಉಪ್ಪನ್ನು ಸಿಹಿನೀರಲ್ಲಿ ತೊಳೆ, ಹೈಡ್ರಾಲಿಕ್ ಎಣ್ಣೆ ನೋಡು, ಕನೆಕ್ಟರ್ ಬಿಚ್ಚು, ಓ-ರಿಂಗ್ ಒರೆಸಿ ಗ್ರೀಸ್ ಹಚ್ಚು. ಆ ಪುಟ್ಟ ರಬ್ಬರ್ ಬಳೆಯನ್ನು ಹಗುರಾಗಿ ತಗೊಳ್ಳಬೇಡಿ. ಸಾವಿರ ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ನೂರು ಕಿಲೋ ಭಾರ. ಬಳೆಯ ಮೇಲೆ ಒಂದು ಕೂದಲು ಕೂತಿದ್ದರೂ ಅದರ ಪಕ್ಕದಿಂದ ಉಪ್ಪುನೀರು ನುಸುಳುತ್ತದೆ, ಮೇಲೆ ಅಲಾರಂ ಕೂಗುತ್ತದೆ, ಹಡಗಿನ ದಿನದ ಬಾಡಿಗೆ ಕೊಡುತ್ತಿರುವ ಕಂಪನಿಯವನು ಬಂದು ಬೆನ್ನ ಹಿಂದೆ ನಿಲ್ಲುತ್ತಾನೆ.

ಹಾಗಾಗಿ ಈ ದಾರಿ ಹಿಡಿಯುವವರಿಗೆ ನನ್ನ ಬಿಟ್ಟಿ ಸಲಹೆ: ಲಕ್ಷಗಟ್ಟಲೆ ಸುರಿದು ಕೋರ್ಸ್ ಸೇರುವ ಮುಂಚೆ ಒಂದು ಐಟಿಐನೋ ಡಿಪ್ಲೊಮಾನೋ ಮುಗಿಸಿ, ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಳ್ಳಿ. ಹೈಡ್ರಾಲಿಕ್ಸೋ ಎಲೆಕ್ಟ್ರಾನಿಕ್ಸೋ ಒಂದಾದರೂ ಕರತಲಾಮಲಕವಾಗಿರಲಿ. ನಡುಸಮುದ್ರದಲ್ಲಿ ಮೆಕ್ಯಾನಿಕ್ಕಿಗೆ ಫೋನು ಮಾಡಿ ಕರೆಸುವಂತಿಲ್ಲ. ನೌಕಾಪಡೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ಬಂದವರಿಗೆ ಇಲ್ಲಿ ಮರ್ಯಾದೆ ಇರುವುದೂ ಇದಕ್ಕೇ.

ಇನ್ನೊಂದು ತಮಾಷೆ. ಕೆಲಸದಲ್ಲಿ ಕಾಲ್ಬೆರಳೂ ನೆನೆಯದ ಈ ಮನುಷ್ಯ, ಕೆಲಸಕ್ಕೆ ಸೇರುವ ಮೊದಲು ತಲೆಕೆಳಗಾಗಿ ನೀರು ಕುಡಿಯಬೇಕು. ತೈಲಬಾವಿಗೆ ಹೆಲಿಕಾಪ್ಟರಿನಲ್ಲಿ ಹೋಗಬೇಕಲ್ಲ. ಅದು ಸಮುದ್ರಕ್ಕೆ ಬಿದ್ದರೆ? ಹೆಲಿಕಾಪ್ಟರಿನ ಡಬ್ಬದಂಥದೊಂದರಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಈಜುಕೊಳದಲ್ಲಿ ಮುಳುಗಿಸಿ ಮಗುಚುತ್ತಾರೆ. ಮೂಗಿಗೆ ನೀರು ನುಗ್ಗುತ್ತಿರುವಾಗ ಕಿಟಕಿ ತಡಕಿ, ಬೆಲ್ಟ್ ಬಿಚ್ಚಿ ಹೊರಬರಬೇಕು.

ಎಲ್ಲ ಕೆಲಸವೂ ಎಣ್ಣೆ ಕಂಪನಿಯದೇ ಅಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಡಿದು ಐರ್ಲೆಂಡಿನಾಚೆಯ ಕಡಲಿಗೆ ಬಿತ್ತು. 329 ಜನ ಸತ್ತರು. ವಿಮಾನದ ಎರಡೂ ಕಪ್ಪು ಪೆಟ್ಟಿಗೆಗಳು ಬಿದ್ದಿದ್ದು ಸುಮಾರು ಎರಡು ಸಾವಿರ ಮೀಟರ್ ಆಳದಲ್ಲಿ. ಮನುಷ್ಯ ಇಳಿಯುವ ಜಾಗವಲ್ಲ. ಸಮುದ್ರದ ಕೇಬಲ್ ರಿಪೇರಿಗೆಂದು ಮಾಡಿದ ಸ್ಕಾರಬ್ ಎಂಬ ಯಂತ್ರವನ್ನು ಇಳಿಸಿದರು. ಜುಲೈ ಎರಡನೇ ವಾರದ ಹೊತ್ತಿಗೆ ಅದರ ಕಬ್ಬಿಣದ ಕೈ ಎರಡನ್ನೂ ಎತ್ತಿ ತಂದಿತು. ಪತ್ರಿಕೆಗಳಲ್ಲಿ ಪೆಟ್ಟಿಗೆಯ ಸುದ್ದಿಯೋ ಸುದ್ದಿ. ಆ ಕೈ ಆಡಿಸಿದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ನಮ್ಮ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಎಂಬ ಇಂಥದೇ ಯಂತ್ರ ಕೂಡ 2010ರಲ್ಲಿ 5289 ಮೀಟರ್ ಇಳಿದು ಬಂದಿದೆ. ಯಾರಾದರೂ ಪಟಾಕಿ ಹೊಡೆದದ್ದು ನೆನಪಿದೆಯೇ?

ಸಂಬಳ ಒಳ್ಳೆಯದೇ. ಆದರೆ ಕೆಲಸವಿದ್ದ ದಿನಕ್ಕೆ ಲೆಕ್ಕ ಹಾಕಿ ಕೊಡುವ ಪದ್ಧತಿಯೇ ಹೆಚ್ಚು. ಮುಂಬೈ ಹೈಯಲ್ಲೋ ಕಾಕಿನಾಡದಾಚೆಯೋ ದಿನಕ್ಕೆ ಹನ್ನೆರಡು ಗಂಟೆಯಂತೆ ವಾರಗಟ್ಟಲೆ ದುಡಿ, ಆಮೇಲೆ ಮನೆಗೆ ಬಂದು ಮುಂದಿನ ಕರೆಗೆ ಕಾಯಿ. 2014ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದಾಗ ಇಂಥ ಕರೆಗಳೂ ನಿಂತವು. ಪೆಟ್ರೋಲ್ ಅಗ್ಗವಾಯಿತೆಂದು ಊರೆಲ್ಲ ಹಿಗ್ಗುವಾಗ ಒಬ್ಬ ಮಾತ್ರ ಪೇಪರಿನ ವಾಣಿಜ್ಯ ಪುಟ ಹಿಡಿದು ಪೆಚ್ಚಾಗಿ ಕೂತಿದ್ದರೆ, ಅವನನ್ನು ಮಾತಾಡಿಸಿ. ಕಡಲ ತಳದ ಕಥೆ ಹೇಳುವಷ್ಟು ಬಿಡುವು ಅವನಿಗಿರುತ್ತದೆ.